ಸ್ವೀಡನ್ನಿನ ಹಳೆಯ ಟಾಫಿಗಳು: ಡೈಮ್, ಸೆಂಟರ್ ಮತ್ತು ಮನೆಯ ಕ್ನೆಕ್

ಸ್ವೀಡನ್ನಿನಲ್ಲಿ ನಡುವಯಸ್ಸು ದಾಟಿದವರ ಮುಂದೆ ಡೈಮ್ ಎಂಬ ಟಾಫಿಯ ಪಟ್ಟಿಯೊಂದನ್ನು ಇಟ್ಟರೆ ಮಾತು ತಾನಾಗಿಯೇ ಅವರ ಬಾಲ್ಯದ ಶನಿವಾರಗಳತ್ತ, ವಾರಕ್ಕೊಮ್ಮೆ ಮಿಠಾಯಿ ಸಿಗುತ್ತಿದ್ದ ಆ ದಿನಗಳತ್ತ, ಹೊರಳುತ್ತದೆ. 1953ರಲ್ಲಿ ಮರಾಬೂ ಕಂಪನಿ ಮಾರುಕಟ್ಟೆಗೆ ತಂದ ಈ ಟಾಫಿ ಇಂದಿಗೂ ಅಲ್ಲಿನ ದಿನಸಿ ಅಂಗಡಿಗಳಲ್ಲಿ ತನ್ನ ಜಾಗವನ್ನು ಬಿಟ್ಟುಕೊಟ್ಟಿಲ್ಲ. ಆ ದೇಶದ ಹಳೆಯ ಟಾಫಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕಾಗಿ ಬಂದರೆ, ಅಂಗಡಿಯಲ್ಲಿ ಸಿಗುವವುಗಳ ಪೈಕಿ ನನ್ನ ಆಯ್ಕೆ ಡೈಮ್. ಆದರೆ ಅದಕ್ಕಿಂತ ಒಂದು ಕೈ ಮೇಲಾದದ್ದು ಯಾವ ಅಂಗಡಿಯಲ್ಲೂ ಚೆನ್ನಾಗಿ ಸಿಗುವುದಿಲ್ಲ. ಅದನ್ನು ಮನೆಯಲ್ಲೇ ಕಾಯಿಸಬೇಕು.

ಡೈಮಿನ ಗುಟ್ಟು ಅದರ ಪಾಕದಲ್ಲಿದೆ. ಸಕ್ಕರೆಯ ಪಾಕದಲ್ಲಿ ನೀರಿನ ಅಂಶ ಬಹುತೇಕ ಆರಿಹೋಗುವವರೆಗೆ ಕಾಯಿಸಿ ತಣಿಸಿದಾಗ ಅದು ಹರಳುಗಟ್ಟದೆ ಗಾಜಿನಂತೆ ಗಟ್ಟಿಯಾಗುತ್ತದೆ. ಅದರೊಳಗೆ ಬಾದಾಮಿಯ ಚೂರುಗಳು, ಮೇಲೆ ಹಾಲಿನ ಚಾಕೊಲೇಟಿನ ತೆಳು ಲೇಪ. ತೆಳ್ಳಗಿನ ಪಟ್ಟಿಯನ್ನು ಮುರಿದು ನೋಡಿದರೆ ಒಡೆದ ಅಂಚು ಹೊಳೆಯುತ್ತದೆ, ನಡುವೆ ಬಾದಾಮಿ ಬಿಳಿಯ ಚುಕ್ಕೆಗಳಂತೆ ಕಾಣುತ್ತದೆ. ಮೊದಲ ಕಡಿತಕ್ಕೆ ಚಟ್ಟನೆ ಸದ್ದು, ಆಮೇಲೆ ಬೆಣ್ಣೆಯ ಪರಿಮಳ, ಅದರ ಹಿಂದೆಯೇ ಉಪ್ಪಿನ ಸಣ್ಣದೊಂದು ಸುಳಿವು. ಸಿಹಿ ನಾಲಿಗೆಗೆ ಅತಿಯಾಯಿತು ಎನ್ನಿಸದಂತೆ ತಡೆಯುವುದು ಈ ಉಪ್ಪೇ. ಕೊನೆಗೆ ಚೂರುಗಳು ದವಡೆ ಹಲ್ಲಿಗೆ ಅಂಟಿಕೊಂಡು ಬಹಳ ಹೊತ್ತು ಕಾಡುತ್ತವೆ, ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡವರು ಇದರ ತಂಟೆಗೆ ಹೋಗದಿರುವುದೇ ಲೇಸು. ಒಂದೊಂದಾಗಿ ಕಾಗದ ಸುತ್ತಿದ ಪುಟ್ಟ ತುಂಡುಗಳ ಚೀಲವೂ ಸಿಗುತ್ತದೆ, ಆದರೆ ಚಾಕೊಲೇಟು ಮತ್ತು ಟಾಫಿಯ ಹದ ಉದ್ದನೆಯ ಪಟ್ಟಿಯಲ್ಲೇ ಸರಿಯಾಗಿದೆ ಎಂಬುದು ನನ್ನ ಅನಿಸಿಕೆ.

ಕ್ಲೊಯೆಟ್ಟಾ ಕಂಪನಿಯ ಸೆಂಟರ್ 1941ರಷ್ಟು ಹಳೆಯದು. ಇಲ್ಲಿ ಚಾಕೊಲೇಟಿನ ಒಳಗೆ ಮೆದುವಾದ ಟಾಫಿ ತುಂಬಿರುತ್ತದೆ. ಅದೇ ಕಂಪನಿಯ ಪ್ಲೊಪ್ ಕೂಡ ಇದೇ ಜಾತಿಯದು. ಮಕ್ಕಳಿಗೆ ಇವೆರಡೂ ಪ್ರಿಯ. ನನಗಂತೂ ಎರಡನೆಯ ತುಂಡಿಗೇ ಸಾಕೆನಿಸುತ್ತದೆ.

ಈ ಶನಿವಾರದ ಸಿಹಿಯ ಪದ್ಧತಿಗೆ ಒಂದು ಕಹಿ ಹಿನ್ನೆಲೆಯೂ ಇದೆ. 1940ರ ದಶಕದಲ್ಲಿ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, ಬುದ್ಧಿಮಾಂದ್ಯರಾದ ನಿವಾಸಿಗಳಿಗೆ ಅವರ ಒಪ್ಪಿಗೆಯಿಲ್ಲದೆ ಅಂಟು ಟಾಫಿಗಳನ್ನು ತಿನ್ನಿಸಿ ಹಲ್ಲು ಹುಳುಕಾಗುವ ಬಗೆಯನ್ನು ಪರೀಕ್ಷಿಸಿದರು. ಊಟದ ನಡುವಿನ ಹೊತ್ತಿನಲ್ಲಿ ಪದೇ ಪದೇ ತಿನ್ನುವ ಅಂಟು ಸಿಹಿಯೇ ಹೆಚ್ಚು ಹಾನಿಕರ ಎಂಬುದು ಅದರಿಂದ ಖಚಿತವಾಯಿತು, ಮಿಠಾಯಿಯನ್ನು ವಾರಕ್ಕೊಂದೇ ದಿನ ತಿನ್ನಿರೆಂಬ ಸಲಹೆ ಮುಂದೆ ಮನೆಮನೆಗೂ ತಲುಪಿತು. ಆ ನಾಡಿನ ಜನ ಅಷ್ಟು ಅಕ್ಕರೆಯಿಂದ ನೆನೆಯುವ ಶನಿವಾರದ ಹಿಂದೆ ಆ ನಿವಾಸಿಗಳ ಹಲ್ಲುಗಳಿವೆ ಎಂಬುದನ್ನು ಮರೆಯಲಾಗದು.

ಇನ್ನು ಕ್ನೆಕ್, ಡೈಮಿಗಿಂತ ಒಂದು ಕೈ ಮೇಲು ಎಂದು ನಾನು ಮೊದಲೇ ಹೇಳಿದ ಮನೆಯ ಟಾಫಿ. ಕ್ರಿಸ್‌ಮಸ್ ಹೊತ್ತಿಗೆ ಸ್ವೀಡನ್ನಿನ ಮನೆಗಳಲ್ಲಿ ಸಕ್ಕರೆ, ಸಕ್ಕರೆಯ ಸಿರಪ್ ಮತ್ತು ಕೆನೆಯನ್ನು ಸಾಮಾನ್ಯವಾಗಿ ಸಮಪ್ರಮಾಣದಲ್ಲಿ ಬೆರೆಸಿ, ಸುಮಾರು 120ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಹೆಚ್ಚಿದ ಬಾದಾಮಿ ಸೇರಿಸಿ, ನೆರಿಗೆಯಿರುವ ಪುಟ್ಟ ಕಾಗದದ ಬಟ್ಟಲುಗಳಿಗೆ ಸುರಿಯುತ್ತಾರೆ. ಉಷ್ಣಮಾಪಕ ಇಲ್ಲದವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆಯಾಗುತ್ತದೆಯೇ ಎಂದು ನೋಡುತ್ತಾರೆ. ನಮ್ಮ ಅಜ್ಜಿಯಂದಿರು ಬೆಲ್ಲದ ಉಂಡೆಪಾಕವನ್ನು ನೋಡುವ ಕ್ರಮವೂ ಇದೇ. ಬೇಗ ಇಳಿಸಿದರೆ ಕಾಗದ ಬಿಡಿಸಲು ಬರುವುದಿಲ್ಲ, ತಡವಾದರೆ ಹಲ್ಲು ಊರಲಾಗದು. ಹದ ಕೂಡಿಬಂದ ಕ್ನೆಕ್ ಮೊದಲು ಗಟ್ಟಿಯಾಗಿದ್ದು, ಬಾಯಿಯ ಬಿಸಿಗೆ ನಿಧಾನವಾಗಿ ಸಡಿಲಗೊಂಡು, ಕಾಯ್ದ ಕೆನೆಯ ಸೊಗಸನ್ನು ಕೊನೆಯವರೆಗೂ ಕೊಡುತ್ತದೆ. ಚಾಕೊಲೇಟಿನ ಹಂಗೂ ಇದಕ್ಕಿಲ್ಲ.

ಸಸ್ಯಾಹಾರಿಗಳು ಅಲ್ಲಿ ಬಿಡಿಯಾಗಿ ತೂಗಿ ಕೊಡುವ ಜಗಿಯುವ ಮಿಠಾಯಿಗಳ ಬಗ್ಗೆ ಎಚ್ಚರದಿಂದಿರಬೇಕು, ಅವುಗಳಲ್ಲಿ ಬಹಳಷ್ಟರಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಇರುತ್ತದೆ. ಊರಿಗೆ ಬರುವ ನೆಂಟರಿಂದ ತರಿಸುವುದಾದರೆ ಡೈಮ್ ಪಟ್ಟಿಗಳನ್ನೇ ಹೇಳಿಕಳಿಸಿ, ಅದೂ ಚಳಿಗಾಲದಲ್ಲಿ. ಮಂಗಳೂರಿನ ಏಪ್ರಿಲ್ ಸೆಕೆಗೆ ಕ್ನೆಕ್ ಕಾಗದದೊಂದಿಗೆ ಒಂದಾಗಿಬಿಡುತ್ತದೆ, ಡೈಮ್‌ ಕೂಡ ಪೊಟ್ಟಣ ಒಡೆದ ಮೇಲೆ ತೇವವನ್ನು ಹೀರಿ ತನ್ನ ಚಟ್ಟೆನ್ನುವ ಗುಣವನ್ನು ಕಳೆದುಕೊಳ್ಳುತ್ತದೆ.