ಬಾತೂರ್ ಜ್ವಾಲಾಮುಖಿ ಹತ್ತಲಿಕ್ಕೆ ಗೈಡ್ ಬೇಕಾ? ವಿಜಯಪುರದಿಂದ ಹೋದ ಐದು ಜನರ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಬೇಕು. ಬಾಲಿಯ ಬಾತೂರ್ ಬೆಟ್ಟಕ್ಕೆ ಗೈಡ್ ಇಟ್ಟುಕೊಳ್ಳುವುದು ಸುಮ್ನೆ ದುಡ್ಡು ದಂಡ ಅಂತ ಹೊರಡುವ ಮುಂಚೆ ನಮ್ಮ ಐವರಲ್ಲಿ ಮೂವರು ಹೇಳಿದ್ದರು, ನಾನೂ ಅವರಲ್ಲೊಬ್ಬ. ಊರಿನ ಗೈಡ್ ಇಲ್ಲದೆ ಹೊರಟರೆ ಬುಡದಲ್ಲೇ ತಡೆಯುತ್ತಾರೆ ಅಂತ ಗೊತ್ತಾಗಿ ಒಪ್ಪಿಕೊಂಡೆವು. ಈಗ ಯಾರಾದರೂ ಕೇಳಿದರೆ ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಉಳಿಸಬೇಡಿ ಅಂತ ಹೇಳುತ್ತೇನೆ.

ನಮ್ಮ ವಿಜಯಪುರದಲ್ಲಿ ಬೆಟ್ಟ ಎಲ್ಲಿದೆ? ಕಣ್ಣು ಹಾಯಿಸಿದಷ್ಟೂ ಎರಿ ಹೊಲ. ಅದಕ್ಕೆ ಒಂದು ತಿಂಗಳು, ವಾರಕ್ಕೆ ಎರಡು ಬೆಳಿಗ್ಗೆ, ಗೋಲ ಗುಂಬಜಿನ ಮೂಲೆ ಮಿನಾರಿನ ಮೆಟ್ಟಿಲು ಹತ್ತಿ ಇಳಿದೆವು. ಏಳು ಅಂತಸ್ತು, ಇಕ್ಕಟ್ಟು ಜಾಗ, ಎತ್ತರದ ಪಾವಟಿಗೆ. ತೊಡೆಗೆ ಒಳ್ಳೆ ತಾಲೀಮು, ದಮ್ಮು ಹಿಡಿಯುವುದೂ ರೂಢಿಯಾಯಿತು. ಆಮೇಲೆ ಗೋಲ ಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರು, ಅಲ್ಲಿಂದ ವಿಮಾನ.

ಬಾತೂರ್ 1717 ಮೀಟರ್ ಎತ್ತರ, ಈಗಲೂ ಜೀವ ಇರುವ ಜ್ವಾಲಾಮುಖಿ. ಆದರೆ ಬುಡದ ಬಾತೂರ್ ಕೆರೆ ದಂಡೆಯ ಊರೇ ಸಾವಿರ ಮೀಟರಿನ ಮೇಲಿದೆ, ಹಾಗಾಗಿ ಕಾಲಲ್ಲಿ ಹತ್ತುವುದು ಏಳುನೂರು ಮೀಟರಿನ ಆಸುಪಾಸು, ಸುಮಾರು ಎರಡು ತಾಸಿನ ದಾರಿ. ಸೂರ್ಯ ಹುಟ್ಟುವಷ್ಟರಲ್ಲಿ ಮೇಲೆ ಇರಬೇಕು ಅಂತ ಬಾಲಿಯ ಉಬುದ್ ಪಟ್ಟಣದ ನಮ್ಮ ರೂಮಿಗೆ ರಾತ್ರಿ 2 ಗಂಟೆಗೇ ವ್ಯಾನ್ ಬಂತು. ಊರಲ್ಲಿ ಆಗ ಹನ್ನೊಂದೂವರೆ, ಮನೆಯವರು ಇನ್ನೂ ಮಲಗಿರಲಿಲ್ಲ, ಫೋನ್ ಮಾಡಿಯೇ ಹೊರಟೆವು.

ಒಂದು ದೂರು ಇದೆ. ಬುಕ್ ಮಾಡಿಸಿದ ಏಜೆಂಟ್ ಜಾಕೆಟ್, ಟಾರ್ಚ್ ಎಲ್ಲಾ ನಮ್ಮದೇ ಅಂದಿದ್ದ. ಬುಡಕ್ಕೆ ಹೋಗಿ ನೋಡಿದರೆ ಐದು ಜನಕ್ಕೆ ಎರಡೇ ಟಾರ್ಚ್, ಜಾಕೆಟ್ ಒಂದೂ ಇಲ್ಲ. ನಮ್ಮ ಕಡೆ ಡಿಸೆಂಬರ್ ಬೆಳಗಿನ ಜಾವದಲ್ಲಿ ಹೊಲಕ್ಕೆ ಹೋದರೆ ಹೇಗಿರುತ್ತದೋ, ಮೇಲೆ ಗಾಳಿಗೆ ಅದಕ್ಕಿಂತ ಜಾಸ್ತಿ ಚಳಿ. ಬೆವರಿದ ಅಂಗಿ ಮೈಗೆ ಅಂಟಿಕೊಂಡು ನಡುಗಿದೆವು. ಏನೇನು ಕೊಡುತ್ತಾರೆ ಅನ್ನುವುದನ್ನು ಬರೆಸಿಕೊಳ್ಳಿ. ತಲೆಗೆ ಕಟ್ಟುವ ಟಾರ್ಚ್, ಒಂದು ಒಣ ಅಂಗಿ ನಿಮ್ಮದೇ ಇರಲಿ.

ಗೈಡ್ ಮಾತ್ರ ಬಂಗಾರದಂಥ ಮನುಷ್ಯ. ಕೆರೆ ದಂಡೆಯಲ್ಲಿ ಉಳ್ಳಾಗಡ್ಡಿ ಬೆಳೆಯುವ ರೈತ, ರಾತ್ರಿ ಬೆಟ್ಟ, ಹಗಲು ಹೊಲ. ಹೊರಡುವ ಮುಂಚೆ ನಮ್ಮ ಮುಖ ನೋಡಲಿಲ್ಲ, ಟಾರ್ಚ್ ಹಾಕಿ ಐವರ ಬೂಟಿನ ಅಡಿ ನೋಡಿದರು. ಸವೆದ ಬೂಟಿನ ಗೆಳೆಯನನ್ನು ತಮ್ಮ ಹಿಂದೆಯೇ ನಿಲ್ಲಿಸಿಕೊಂಡರು. ಮೊದಲ ಒಂದು ತಾಸು ಏನೂ ಅನ್ನಿಸುವುದಿಲ್ಲ, ಗಿಡಗಳ ನಡುವೆ ದಾರಿ. ಕೊನೆಯ ಅರ್ಧ ತಾಸು ಬರೀ ಸಡಿಲ ಕರಿ ಮರಳು, ಜಲ್ಲಿ. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ. ಗುಂಬಜಿನ ಪಾವಟಿಗೆ ಇದನ್ನು ಕಲಿಸಿರಲಿಲ್ಲ. ಅಲ್ಲೇ ಆ ಗೆಳೆಯ ಕೂತುಬಿಟ್ಟ, ನೀವು ಹೋಗಿ ಬನ್ನಿ ಅಂದ. ಗೈಡ್ ಅವಸರ ಮಾಡಲಿಲ್ಲ. ಅವನ ಚೀಲ ತಾವು ಹಾಕಿಕೊಂಡು, ಪಾದ ಅಡ್ಡ ಇಟ್ಟು ಅಂಚಿನಿಂದ ಮರಳು ಒತ್ತುವುದು ಹೇಗೆ ಅಂತ ತೋರಿಸಿದರು, ತಾವು ತುಳಿದ ಗುರುತಿನಲ್ಲೇ ಕಾಲಿಡು ಅಂದರು. ಆಮೇಲೆ ಅವನನ್ನೇ ಮುಂದೆ ಬಿಟ್ಟು ಉಳಿದವರನ್ನು ಅವನ ನಡಿಗೆಗೆ ನಡೆಸಿದರು. ಐವರೂ ಒಟ್ಟಿಗೆ ತುದಿ ಮುಟ್ಟಿದೆವು, ಗೈಡ್ ಇಲ್ಲದಿದ್ದರೆ ನಾಲ್ವರು ಮುಟ್ಟುತ್ತಿದ್ದೆವು.

ಮೇಲೆ ಹೋದ ತಕ್ಷಣ ಅವರು ಚೀಲದಿಂದ ಅಂಗೈಯಷ್ಟು ಅಗಲದ ಗರಿಯ ಬುಟ್ಟಿ ತೆಗೆದರು. ಒಳಗೆ ಹೂವು, ನಾಲ್ಕು ಕಾಳು ಅನ್ನ. ಊದುಬತ್ತಿ ಹಚ್ಚಿ ಸಣ್ಣ ಗುಡಿಯ ಮುಂದೆ ಇಟ್ಟು ಕೈ ಮುಗಿದರು. ಯಾರೂ ಹೇಳಲಿಲ್ಲ, ನಾವೂ ಮುಗಿದೆವು.

ಬೆಳಕಾಯಿತು. ಕೆಳಗೆ ಬಾತೂರ್ ಕೆರೆ, ಅದರಾಚೆ ಅಬಂಗ್ ಬೆಟ್ಟ, ಅದರ ಹಿಂದೆ ಅಗುಂಗ್ ಬೆಟ್ಟ, ದೂರದಲ್ಲಿ ಸಮುದ್ರದಾಚೆಯ ಲೊಂಬೊಕ್ ದ್ವೀಪದ ರಿಂಜಾನಿ ಬೆಟ್ಟ. ಬಂಡೆ ಸಂದಿಯಿಂದ ಹಬೆ ಬರುತ್ತದೆ, ಕೈ ಇಟ್ಟರೆ ತವೆ ಆರುವಾಗ ಇರುವಷ್ಟು ಬಿಸಿ. ಆ ಹಬೆಯಲ್ಲೇ ತತ್ತಿ ಬೇಯಿಸಿ ಕೊಡುತ್ತಾರೆ. ನಮ್ಮಲ್ಲಿ ಮೂವರು ತತ್ತಿ ತಿನ್ನುವುದಿಲ್ಲ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು, ಗೈಡ್‌ಗೂ ಕೊಟ್ಟೆವು. ಹಿಂಡಿ ಖಾರಕ್ಕೆ ತಲೆ ಆಡಿಸಿ ಇನ್ನೊಂದು ಚೂರು ಕೇಳಿದರು. ತಿನ್ನುವಾಗ ಹುಷಾರು, ಮಂಗಗಳು ಕೈಯಲ್ಲಿದ್ದದ್ದನ್ನೇ ಕಿತ್ತುಕೊಳ್ಳುತ್ತವೆ.

ಕೆಳಗೆ ಕರ‍್ರಗೆ ಹರಡಿದ ಲಾವಾ ಬಯಲು ತೋರಿಸಿ ಯಾವುದು ಯಾವ ಕಾಲದ್ದು ಅಂತ ಹೇಳಿದರು. 1926ರಲ್ಲಿ ಹಳೆ ಬಾತೂರ್ ಊರೇ ಲಾವಾದಡಿ ಹೋಯಿತು, ಜನ ಬೆಟ್ಟದ ಸುತ್ತಲಿನ ದೊಡ್ಡ ಕುಳಿಯ ಮೇಲಿನ ಅಂಚಿಗೆ ಬಂದು ಊರು, ಗುಡಿ ಮತ್ತೆ ಕಟ್ಟಿಕೊಂಡರು. 1963ರಲ್ಲಿ ಮತ್ತೆ ಹರಿಯಿತು, 2000ದಲ್ಲೂ ಸಿಡಿದಿದೆ. ಇಳಿಯುವಾಗ ಆ ಕಲ್ಲು ಮುಟ್ಟಿ ನೋಡಿದೆ. ನಮ್ಮ ಗುಂಬಜಿನ ಕಲ್ಲೂ ಲಾವಾ ಆರಿ ಆದದ್ದೇ, ಸುಮಾರು 6.6 ಕೋಟಿ ವರ್ಷದ ಹಿಂದಿನದು. ಅದೇ ಕಲ್ಲು ಕರಗಿ ನಮ್ಮ ಎರಿ ಮಣ್ಣಾಗಿದೆ. ಅವರೂ ಕರಿ ಮಣ್ಣಲ್ಲಿ ಉಳ್ಳಾಗಡ್ಡಿ ಬೆಳೆಯುತ್ತಾರೆ, ನಾವೂ ಬೆಳೆಯುತ್ತೇವೆ. ಇದನ್ನು ಹೇಳಿದಾಗ ಅವರು ನಮ್ಮ ಕಡೆ ರೇಟು ಎಷ್ಟು ಅಂತ ಕೇಳಿದರು, ಮುಂದಿನ ಅರ್ಧ ದಾರಿ ಬರೀ ಅದೇ ಮಾತು.

ಹೋಗುವುದಾದರೆ ಏಪ್ರಿಲ್‌ನಿಂದ ಅಕ್ಟೋಬರ್ ಒಳ್ಳೆಯದು, ಮಳೆಗಾಲದಲ್ಲಿ ಮಂಜು ಮುಚ್ಚಿದರೆ ಅಷ್ಟು ದೂರ ಹೋಗಿ ಏನೂ ಕಾಣುವುದಿಲ್ಲ. ಅರ್ಧ ದಾರಿಗೆ ಜೀಪ್ ಇದೆ, ಮೊಣಕಾಲು ನೋವು ಇಲ್ಲದಿದ್ದರೆ ನಡೆದೇ ಹೋಗಿ. ಹಳೆ ಸ್ಪೋರ್ಟ್ಸ್ ಶೂ ಬೇಡವೇ ಬೇಡ. ಇಳಿಯುವಾಗ ಜಾರುವುದು ಹತ್ತುವಾಗಿನಕ್ಕಿಂತ ಜಾಸ್ತಿ, ಐವರಲ್ಲಿ ಇಬ್ಬರು ಕುಂಡೆ ಮೇಲೆ ಬಿದ್ದೆವು. ಗೈಡ್‌ಗೆ ಕೊಡುವ ಭಕ್ಷೀಸನ್ನು ಏಜೆಂಟ್ ಕೈಗೆ ಕೊಡಬೇಡಿ, ಬೆಟ್ಟದ ಬುಡದಲ್ಲಿ ಅವರ ಕೈಗೇ ಕೊಡಿ.