ಬಕ್ಕೆಯೋ, ಅಂಬಲಿಯೋ, ಗಾಡಿಯ ತೊಳೆಯೋ?

ನನ್ನ ಓಟು ಬಕ್ಕೆ ಹಲಸಿಗೆ. ತೊಳೆ ಹಲ್ಲಿಗೆ ಗಟ್ಟಿಯಾಗಿ ಸಿಗಬೇಕು, ಕೈಯಲ್ಲಿ ಹಿಡಿದು ತಿರುಗಾಡುತ್ತಾ ತಿನ್ನುವ ಹಾಗಿರಬೇಕು. ಈ ಸಲ ಮೆತ್ತನೆ ತೊಳೆಯ ಅಂಬಲಿ ಹಲಸು, ತಳ್ಳುಗಾಡಿಯ ಬಿಡಿ ತೊಳೆ, ತುಮಕೂರು ಕಡೆಯ ಕೆಂಪು ಸಿದ್ದು ಹಲಸು ಎಲ್ಲವೂ ಮನೆಗೆ ಬಂದವು. ಆದರೂ ಮನಸ್ಸು ಬದಲಾಗಲಿಲ್ಲ.

ಬಕ್ಕೆಯಲ್ಲಿ ಒಂದೇ ತಲೆನೋವು. ಹೊರಗಿನಿಂದ ನೋಡಿದರೆ ಅದು ಬಕ್ಕೆಯೋ ಅಂಬಲಿಯೋ ಗೊತ್ತೇ ಆಗುವುದಿಲ್ಲ. ಹೆದ್ದಾರಿ ಬದಿಯ ರಾಶಿಯಲ್ಲಿ "ಪಕ್ಕಾ ಬಕ್ಕೆ ಸಾರ್, ಕಣ್ಣು ಮುಚ್ಚಿ ತಗೊಳ್ಳಿ" ಎಂದು ಕೊಟ್ಟ ದೊಡ್ಡ ಹಣ್ಣನ್ನು ಮನೆಯಲ್ಲಿ ಕೊಯ್ದರೆ ಅಪ್ಪಟ ಅಂಬಲಿ! ತೊಳೆ ಲೊಳಕ್ಕನೆ ಜಾರಿ ಬಿತ್ತು, ರಸ ಮೊಣಕೈವರೆಗೆ ಇಳಿಯಿತು. ಮೂರು ಜನರ ಮನೆಯಲ್ಲಿ ಅಷ್ಟು ಅಂಬಲಿ ಖರ್ಚು ಮಾಡುವುದು ಹೇಗೆ? ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನಕ್ಕೇ ನೀರು ಬಿಟ್ಟು ಹುಳಿ ವಾಸನೆ.

ಪೂರಾ ತಪ್ಪು ಮಾರುವವರದ್ದೂ ಅಲ್ಲ. ಹಲಸಿನಲ್ಲಿ ಪರಾಗ ಬೇರೆ ಮರದಿಂದಲೂ ಬರುತ್ತದೆ. ಬಕ್ಕೆಯ ಬೀಜ ನೆಟ್ಟರೆ ಬಕ್ಕೆಯೇ ಹುಟ್ಟುತ್ತದೆ ಅನ್ನುವ ಹಾಗಿಲ್ಲ. ಹತ್ತು ಮರದ ಹಣ್ಣು ಒಂದೇ ರಾಶಿಗೆ ಬಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು? ಆದರೆ ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಳಿ ಮಾರಬಾರದು, ಅಲ್ವಾ?

ಕಾಯಿದ್ದಾಗ ಎರಡೂ ಕಲ್ಲಿನ ಹಾಗೇ ಇರುತ್ತವೆ. ಹಾಗಾಗಿ ಘಮ್ ಅನ್ನುತ್ತಿರುವ ಹಣ್ಣನ್ನೇ ಆರಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ಸಲೀಸಾಗಿ ಒಳಗಿಳಿದರೆ ಅಂಬಲಿ, ಅದನ್ನು ಕೈಯಲ್ಲೇ ಬಿಡಿಸಬಹುದು. ಬಕ್ಕೆ ಹಣ್ಣಾದ ಮೇಲೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಕತ್ತಿಯೇ ಬೇಕು. ಅನುಮಾನ ಇದ್ದರೆ ಕೊಯ್ದು ಒಂದು ತೊಳೆ ತೋರಿಸಲು ಹೇಳಿ. ಒಪ್ಪದಿದ್ದರೆ ಮುಂದಿನ ಅಂಗಡಿ ನೋಡಿ.

ಅಂಬಲಿಯನ್ನು ಹಾಗೇ ತಳ್ಳಿಹಾಕುವುದೂ ಸರಿಯಲ್ಲ. ಅಕ್ಕಿ, ಬೆಲ್ಲ, ಕಾಯಿತುರಿ ಸೇರಿಸಿ ಮಾಡುವ ಕಡುಬಿಗೆ, ಎಣ್ಣೆಯಲ್ಲಿ ಕರಿಯುವ ಮುಳ್ಕಕ್ಕೆ ಅದೇ ಬೇಕು. ಬಕ್ಕೆಯ ಕಡುಬಿಗೆ ಆ ಮೆತ್ತನೆ ಬರುವುದಿಲ್ಲ.

ಗಾಡಿಯ ತೊಳೆಗೆ ಮೇಣದ ಕಾಟವಿಲ್ಲ. ಆದರೆ ದೂಳು, ನೊಣ, ಜೊತೆಗೆ ದುಬಾರಿ. ಒಬ್ಬರೇ ಇರುವವರಿಗೆ ಪರವಾಗಿಲ್ಲ.

ಸಿದ್ದು ಗುಬ್ಬಿ ತಾಲ್ಲೂಕಿನ ಚೇಳೂರಿನ ಮರದ ತಳಿ. ಹಣ್ಣು ಸುಮಾರು ಎರಡೂವರೆ ಕೆಜಿ, ಸಣ್ಣ ಮನೆಗೆ ಹೇಳಿ ಮಾಡಿಸಿದ ಅಳತೆ. ತೊಳೆಯ ಬಣ್ಣ ಕಂಡು ಮಗಳು ಕುಣಿದಳು. ಕಸಿ ಗಿಡ ಆದ್ದರಿಂದ ಮೋಸ ಹೋಗುವ ಭಯವೂ ಕಡಿಮೆ. ಆದರೆ ನಮ್ಮ ಏರಿಯಾದಲ್ಲಿ ಬೇಕೆಂದಾಗ ಸಿಗುವುದಿಲ್ಲ.

ಕೊಯ್ಯುವಾಗ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿ. ಅಡ್ಡಕ್ಕೆ ಎರಡು ಹೋಳು ಮಾಡಿದ ತಕ್ಷಣ ಹಳೇ ಪೇಪರಿನಿಂದ ಮೇಣ ಒರೆಸಿ, ನಡುವಿನ ದಿಂಡು ತೆಗೆದರೆ ತೊಳೆ ಬಿಡಿಸುವುದು ಸುಲಭ. ಕತ್ತಿಗೆ ಅಂಟಿದ ಮೇಣಕ್ಕೆ ಸುಮ್ನೆ ಸೋಪು ಉಜ್ಜಬೇಡಿ, ಮತ್ತೆ ಎಣ್ಣೆಯನ್ನೇ ಹಚ್ಚಿ ಒರೆಸಿ.

ಬೀಜ ತೆಗೆದ ಬಕ್ಕೆ ತೊಳೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನೊಳಗೆ ಮೂರ್ನಾಲ್ಕು ದಿನ ಇರುತ್ತದೆ. ಮುಚ್ಚಳ ಸಡಿಲವಿದ್ದರೆ ಬೆಳಗಿನ ಕಾಫಿಯ ಹಾಲಿಗೂ ಹಲಸಿನ ವಾಸನೆ. ಪಾಯಸಕ್ಕೆ ಬೇಕಾದಷ್ಟನ್ನು ಫ್ರೀಜರ್‌ಗೆ ಹಾಕಿ. ಬೀಜ ತೊಳೆದು ನೆರಳಲ್ಲಿ ಆರಿಸಿದರೆ ಸಾರಿಗಾಗುತ್ತದೆ.

ನಾನಂತೂ ಕಣ್ಣೆದುರೇ ಕೊಯ್ಸಿ ಅರ್ಧ ಬಕ್ಕೆ ತರುತ್ತೇನೆ. ನಮ್ಮ ಬಜೆಟ್ಟಿಗೂ ಫ್ರಿಜ್ಜಿಗೂ ಅಷ್ಟೇ ಹಿಡಿಸುವುದು.