ಎಟ್ನಾ ಮತ್ತು ಅಲ್ಕಾಂತರ ಒಂದೇ ದಿನದಲ್ಲಿ: ಅಮ್ಮ, ಮಕ್ಕಳ ಜೊತೆ ಹೋದ ವ್ಯಾನ್ ಟೂರ್ ಹೇಗಿತ್ತು

ಇಟಲಿಯ ಸಿಸಿಲಿ ದ್ವೀಪದ ಪೂರ್ವ ಕರಾವಳಿಯಲ್ಲಿ ಉಳಿದುಕೊಂಡರೆ ಎಟ್ನಾ ಮತ್ತು ಅಲ್ಕಾಂತರ ಎರಡನ್ನೂ ತೋರಿಸುವ ಒಂದು ದಿನದ ಟೂರ್ ಎಲ್ಲ ಕಡೆ ಕಣ್ಣಿಗೆ ಬೀಳುತ್ತದೆ. ಬೆಳಗ್ಗೆ ಎಟ್ನಾ ಜ್ವಾಲಾಮುಖಿ, ಮಧ್ಯಾಹ್ನ ಅಲ್ಕಾಂತರ ನದಿಯ ಕಮರಿ, ಸಂಜೆಗೆ ವಾಪಸ್ ಹೋಟೆಲ್. ನಾವು ಸೆಪ್ಟೆಂಬರ್‌ನಲ್ಲಿ ಜಾರ್ದೀನಿ ನಾಕ್ಸೋಸ್ ಊರಿನಿಂದ ಹೋದೆವು. ನಾನು, ನನ್ನ ಗಂಡ, ಹನ್ನೆರಡು ವರ್ಷದ ಮಗಳು, ಏಳು ವರ್ಷದ ಮಗ, ಜೊತೆಗೆ ಮೊಣಕಾಲು ನೋವಿರುವ ನನ್ನ ಅಮ್ಮ. ಅಜ್ಜಿ, ಮೊಮ್ಮಕ್ಕಳು ಎಲ್ಲ ಒಟ್ಟಿಗೆ ಹೊರಡುವವರಿಗೆ ಉಪಯೋಗವಾಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಮ್ಮ ಗೈಡ್‌ಗೆ ಪೂರ್ತಿ ಅಂಕ. ದಿನದ ಸಮಯವನ್ನು ಹಂಚಿದ ಕಂಪನಿಗೆ ಅರ್ಧ ಅಂಕ ಮಾತ್ರ.

ಬೆಳಗ್ಗೆಯೇ ಎಟ್ನಾ ಹತ್ತುವುದು ಸರಿಯಾದ ಕ್ರಮ. ಮಧ್ಯಾಹ್ನ ಆಗುತ್ತಿದ್ದಂತೆ ಬೆಟ್ಟಕ್ಕೆ ಮೋಡ ಮುಚ್ಚಿಕೊಳ್ಳುವುದು ಜಾಸ್ತಿ. ಆಮೇಲೆ ಹೋದರೆ ದುಡ್ಡು ಕೊಟ್ಟು ಮಂಜು ನೋಡಿಕೊಂಡು ಬರಬೇಕಾದೀತು. ನಾವು ಹೊರಟಾಗ ಆಕಾಶ ಸ್ವಚ್ಛವಾಗಿತ್ತು. ತುದಿಯಿಂದ ಬಿಳಿ ಹೊಗೆ ಒಂದೇ ಸಮನೆ ಏಳುತ್ತಿತ್ತು. ಅಮ್ಮನಿಗೆ ಅದನ್ನು ನೋಡಿಯೇ ಸ್ವಲ್ಪ ಭಯ. 2025ರ ಜೂನ್ 2ರಂದು ತುದಿಯ ಒಂದು ಭಾಗ ಕುಸಿದು, ಬಿಸಿ ಬೂದಿಯ ಮೋಡ ಇಳಿಜಾರಿನಲ್ಲಿ ಉರುಳಿ ಬಂದಿತ್ತಲ್ಲ, ಪ್ರವಾಸಿಗರು ಓಡುವ ಆ ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಬಂದಿತ್ತು. ಗೈಡ್ ವ್ಯಾನ್ ಹತ್ತಿದ ಕೂಡಲೇ ಈ ವಿಷಯ ತಾನೇ ಎತ್ತಿದಳು. ಬೆಟ್ಟದ ಕೆಳಗಿನ ಕತಾನಿಯಾ ನಗರದಲ್ಲಿರುವ ವಿಜ್ಞಾನಿಗಳು ಹಗಲೂ ರಾತ್ರಿ ಈ ಬೆಟ್ಟದ ಮೇಲೆ ಕಣ್ಣಿಟ್ಟಿರುತ್ತಾರೆ, ಬೆಟ್ಟದ ಸ್ಥಿತಿ ನೋಡಿ ಎಷ್ಟು ಎತ್ತರದವರೆಗೆ ಬಿಡಬೇಕು ಅನ್ನುವುದು ಬದಲಾಗುತ್ತಿರುತ್ತದೆ, ನಾವು ಹೋಗುವುದು ತುದಿಗಿಂತ ತುಂಬಾ ಕೆಳಗೆ ಅಂತ ನಿಧಾನವಾಗಿ ಹೇಳಿದಳು. ಮಗಳು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ಆಮೇಲೆ ಅಮ್ಮ ಕಿಟಕಿಯ ಪಕ್ಕದ ಸೀಟು ಕೇಳಿ ಕೂತರು!

ಗೈಡ್ ನಿಕೊಲೋಸಿ ಊರಿನ ಹುಡುಗಿ. ಎಟ್ನಾದ ದಕ್ಷಿಣ ಇಳಿಜಾರಿನ ಊರು ಅದು. ಈ ಟೂರಿನ ನಿಜವಾದ ಬಲ ಅವಳೇ. 1669ರಲ್ಲಿ ನಿಕೊಲೋಸಿಯ ಹತ್ತಿರವೇ ನೆಲ ಬಿರಿದು ಹೊರಬಂದ ಲಾವಾ ಕತಾನಿಯಾ ನಗರದವರೆಗೆ ಹರಿದು, ಉರ್ಸಿನೋ ಕೋಟೆಯನ್ನು ಸುತ್ತುವರಿದು, ಸಮುದ್ರ ಸೇರಿತು. ಸಮುದ್ರದ ದಡದಲ್ಲಿದ್ದ ಕೋಟೆ ಈಗ ಊರೊಳಗಿದೆ. ಇದನ್ನು ಅವಳು ಸುಮ್ನೆ ಇಸವಿ ಒಪ್ಪಿಸುವ ಹಾಗೆ ಹೇಳಲಿಲ್ಲ. ಆ ಲಾವಾ ಹೊರಟ ಎರಡು ಕೆಂಪು ಗುಡ್ಡಗಳನ್ನು ಕೈ ತೋರಿಸಿ, ನಮ್ಮನೆ ಇರೋದು ಅದರ ಬುಡದಲ್ಲೇ ಅಂದಳು. ಬೂದಿ ಬಿದ್ದ ದಿನ ಛಾವಣಿ ಗುಡಿಸುವುದು, ನೀರಿನ ಕೊಳವೆಗೆ ಬೂದಿ ಹೋಗದಂತೆ ಮುಚ್ಚುವುದು, ಇದೆಲ್ಲ ಅವಳಿಗೆ ಚಿಕ್ಕಂದಿನಿಂದ ಮನೆಗೆಲಸ.

ಅಮ್ಮ ಸುಮ್ಮನಿರಲಿಲ್ಲ. "ಕೇಳೇ, ಇಷ್ಟೆಲ್ಲ ಆದ್ಮೇಲೂ ಇಲ್ಲೇ ಯಾಕೆ ಇದ್ದಾರಂತೆ?" ಅಂತ ಮೊಮ್ಮಗಳ ಕೈಯಲ್ಲಿ ಕೇಳಿಸಿದರು. ಇಲ್ಲಿ ಲಾವಾ ಸಾಮಾನ್ಯವಾಗಿ ನಿಧಾನಕ್ಕೆ ಬರುತ್ತದೆ, ಮನೆ ಹೋದರೂ ಜನ ಉಳಿಯುತ್ತಾರೆ. ಮತ್ತೆ ಈ ಮಣ್ಣಿನಲ್ಲಿ ಬೆಳೆಯುವಷ್ಟು ಚೆನ್ನಾಗಿ ದ್ರಾಕ್ಷಿ, ಪಿಸ್ತಾ, ಸೇಬು ಬೇರೆಲ್ಲಿ ಬೆಳೆಯುತ್ತದೆ ಅಂದಳು ಗೈಡ್. 1992ರಲ್ಲಿ ಜಫೆರಾನಾ ಎತ್ನಿಯಾ ಊರಿನ ಬಾಗಿಲಿಗೇ ಲಾವಾ ಬಂದಾಗ ಮಣ್ಣಿನ ಒಡ್ಡು ಕಟ್ಟಿ, ಮೇಲೆ ಸ್ಫೋಟಕ ಇಟ್ಟು, ಲಾವಾದ ದಾರಿ ತಿರುಗಿಸಿದರಂತೆ. ಊರು ಉಳಿಯಿತು. ನಮ್ಮ ವ್ಯಾನ್ ಆ ಊರಿನ ಮೂಲಕವೇ ಹೋಗಿದ್ದರಿಂದ ಮಕ್ಕಳು ಮುಖ ಗಾಜಿಗೆ ಒತ್ತಿ ನೋಡುತ್ತಿದ್ದರು.

ಮೇಲೆ ರಿಫ್ಯೂಜೋ ಸಪಿಯೆಂಜಾ ಅನ್ನುವ ಜಾಗದಲ್ಲಿ ಇಳಿಸುತ್ತಾರೆ. ಸುಮಾರು 1,900 ಮೀಟರ್ ಎತ್ತರ. ಕೆಳಗೆ ಸಮುದ್ರದ ಹತ್ತಿರ ಬೆವರು, ಇಲ್ಲಿ ಕಿವಿ ಕೊರೆಯುವ ಗಾಳಿ. ಜಾಕೆಟ್ ಖಂಡಿತ ಬೇಕು. ಪಕ್ಕದಲ್ಲೇ ಸಿಲ್ವೆಸ್ಟ್ರಿ ಕುಳಿಗಳಿವೆ. 1892ರಲ್ಲಿ ಹುಟ್ಟಿದ ಬಾಯಿಗಳು ಇವು, ಈಗ ತಣ್ಣಗಾಗಿವೆ. ಕೆಳಗಿನ ಕುಳಿಯ ಅಂಚಿನವರೆಗೆ ಅಮ್ಮನೂ ನಡೆದರು, ದಾರಿ ಹೆಚ್ಚುಕಡಿಮೆ ಸಮತಟ್ಟಾಗಿದೆ. ಮೇಲಿನದಕ್ಕೆ ಹತ್ತಬೇಕು. ಕಾಲಡಿಯ ಕಪ್ಪು ಜಲ್ಲಿ ಜಾರುತ್ತದೆ, ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ. ಮಗನಿಗೆ ಅದೇ ಖುಷಿ. ಕೆಲವು ಕಲ್ಲು ಕಪ್ಪು, ಕೆಲವು ಇಟ್ಟಿಗೆ ಕೆಂಪು. ಒಳಗಿನ ಕಬ್ಬಿಣ ಬಿಸಿಯಲ್ಲಿ ಗಾಳಿ ತಾಗಿ ಕೆಂಪಾಗುತ್ತದಂತೆ. ತೂತು ತೂತಾದ ದೊಡ್ಡ ಕಲ್ಲನ್ನು ಮಗ ಒಂದೇ ಕೈಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ. ತೋರಿಸಿ ಅಲ್ಲೇ ಇಡಿಸಿದಳು ಗೈಡ್. 1987ರಿಂದ ಇದು ಸಂರಕ್ಷಿತ ಪಾರ್ಕ್, 2013ರಿಂದ ಯುನೆಸ್ಕೋ ಪಟ್ಟಿಯಲ್ಲೂ ಇದೆ. ಕಲ್ಲು ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ.

ಇಲ್ಲಿಂದ 2,500 ಮೀಟರ್‌ವರೆಗೆ ರೋಪ್‌ವೇ ಇದೆ. ಅದು ಟೂರಿನಲ್ಲಿ ಸೇರಿಲ್ಲ, ದೊಡ್ಡವರಿಗೆ ಹೋಗಿಬರಲು ಸುಮಾರು 50 ಯೂರೋ. ನಾವು ಹೋಗಲಿಲ್ಲ. ಅದಕ್ಕೆ ಸಮಯ ಕೊಟ್ಟರೆ ಲಾವಾ ಗುಹೆ ತಪ್ಪುತ್ತಿತ್ತು. ಚಿಕ್ಕ ಮಕ್ಕಳಿದ್ದರೆ ಗುಹೆಯೇ ಆರಿಸಿ ಅನ್ನುತ್ತೇನೆ.

ಗುಹೆಯ ಬಾಯಿ ನೆಲದಲ್ಲಿರುವ ಒಂದು ಬಿರುಕು, ಅಷ್ಟೇ. ಹೆಲ್ಮೆಟ್, ಟಾರ್ಚ್ ಕಂಪನಿಯವರೇ ಕೊಟ್ಟರು. ಮಗನ ತಲೆಗೆ ಸರಿಹೋಗುವ ಚಿಕ್ಕ ಹೆಲ್ಮೆಟ್ ಕೂಡ ತಂದಿದ್ದರು, ಅದಕ್ಕೆ ಮೆಚ್ಚುಗೆ. ಲಾವಾ ಹರಿಯುವಾಗ ಮೇಲ್ಮೈ ಮೊದಲು ತಣ್ಣಗಾಗಿ ಗಟ್ಟಿಯಾಗುತ್ತದೆ. ಒಳಗೆ ಮಾತ್ರ ಬಿಸಿ ಲಾವಾ ಹರಿಯುತ್ತಲೇ ಇರುತ್ತದೆ. ಮೇಲಿಂದ ಬರುವುದು ನಿಂತಾಗ ಒಳಗಿದ್ದದ್ದು ಖಾಲಿಯಾಗಿ ಕೊಳವೆ ಉಳಿಯುತ್ತದೆ. ಗೋಡೆಯ ಮೇಲೆ ಅಡ್ಡಡ್ಡ ಗೆರೆಗಳಿದ್ದವು. ಒಳಗಿನ ಲಾವಾ ಹಂತ ಹಂತವಾಗಿ ಇಳಿದ ಗುರುತು ಅವು. ಛಾವಣಿಯಿಂದ ಬೆರಳುದ್ದದ ಕಲ್ಲಿನ ಹನಿಗಳು ಜೋತಾಡುತ್ತಿದ್ದವು, ಕರಗಿ ತೊಟ್ಟಿಕ್ಕುವಾಗಲೇ ಗಟ್ಟಿಯಾದಂಥವು. ಎಲ್ಲರೂ ಟಾರ್ಚ್ ಆರಿಸಿ ಒಂದು ನಿಮಿಷ ನಿಂತೆವು. ಹಿಂದೆ ಇಂಥ ಗುಹೆಗಳಲ್ಲಿ ಚಳಿಗಾಲದ ಹಿಮವನ್ನು ಒತ್ತಿ ತುಂಬಿಟ್ಟು, ಬೇಸಿಗೆಯಲ್ಲಿ ಹೇಸರಗತ್ತೆಯ ಮೇಲೆ ಹೇರಿ ಕೆಳಗೆ ಮಾರುತ್ತಿದ್ದರಂತೆ. ಎಟ್ನಾದ ಹಿಮ ಹಡಗಿನಲ್ಲಿ ಮಾಲ್ಟಾಕ್ಕೂ ಹೋಗುತ್ತಿತ್ತು. ಸಿಸಿಲಿಯಲ್ಲಿ ಎಲ್ಲ ಕಡೆ ಸಿಗುವ ಗ್ರಾನಿತಾ ಅನ್ನುವ ಸಿಹಿ ಐಸ್‌ಗೆ ಮೂಲ ಈ ಹಿಮ ಅಂದ ಮೇಲೆ ಮಗ ಅದನ್ನು ಮರೆಯಲಿಲ್ಲ, ಸಂಜೆ ಕೊಡಿಸಲೇಬೇಕಾಯಿತು.

ಅಮ್ಮ ಗುಹೆಗೆ ಇಳಿಯಲಿಲ್ಲ. ಹೊರಗೆ ಡ್ರೈವರ್ ಅವರಿಗೆ ಮಡಚುವ ಕುರ್ಚಿ ಹಾಕಿಕೊಟ್ಟಿದ್ದ. ನಾವು ಬರುವಷ್ಟರಲ್ಲಿ ಅವರು ಪಕ್ಕದ ಗಿಡ ನೋಡಿಟ್ಟುಕೊಂಡಿದ್ದರು. ದಿಂಬಿನಂತೆ ಗುಂಡಗೆ, ಮೈತುಂಬ ಮುಳ್ಳು. ಅದರ ಮಧ್ಯೆ ಬೇರೆ ಸಣ್ಣ ಗಿಡಗಳು ಗಾಳಿಯಿಂದ ತಪ್ಪಿಸಿಕೊಂಡು ಬೆಳೆದಿದ್ದವು. ಎಟ್ನಾದ ಈ ಎತ್ತರದಲ್ಲಿ ಬರಿ ಬೂದಿಯ ಮೇಲೆ ನಿಲ್ಲುವ ಗಿಡ ಇದು. ಇದರ ನೆರಳಿನಲ್ಲೇ ಮಣ್ಣು ಕಟ್ಟಿಕೊಳ್ಳುತ್ತದೆ ಅಂದಳು ಗೈಡ್. ಅಮ್ಮನಿಗೆ ಇಡೀ ಬೆಟ್ಟದಲ್ಲಿ ಹಿಡಿಸಿದ್ದು ಆ ಗಿಡವೇ.

ಇನ್ನು ಊಟ. ಇಳಿಯುವ ದಾರಿಯಲ್ಲಿ ಜೇನು, ಪಿಸ್ತಾ ಕ್ರೀಮ್, ಆಲಿವ್ ಎಣ್ಣೆ, ವೈನ್ ರುಚಿ ತೋರಿಸುವ ಅಂಗಡಿಗೆ ನಿಲ್ಲಿಸಿದರು. ಜೇನು ಚೆನ್ನಾಗಿತ್ತು, ಕಿತ್ತಳೆ ಹೂವಿನದ್ದು ಒಂದು ಬಾಟಲಿ ಕೊಂಡೆವು. ಆದರೆ ಅಲ್ಲಿ ಒಂದು ಗಂಟೆಗೂ ಜಾಸ್ತಿ ಕಳೆದೆವು. ವೈನ್ ಕುಡಿಯದ ಅಮ್ಮ, ಬೇಜಾರಾದ ಮಕ್ಕಳು, ಬಿಸಿಲಿನಲ್ಲಿ ನಿಂತ ವ್ಯಾನ್. ಆಮೇಲೆ ಮತ್ತೆ ಬೇರೆ ಕಡೆ ಊಟ. ಸಸ್ಯಾಹಾರಿಗಳಿಗೆ ಚಿಂತೆ ಬೇಡ. ಬದನೆಕಾಯಿ, ಟೊಮ್ಯಾಟೋ, ಉಪ್ಪು ಹಾಕಿದ ರಿಕೋತಾ ಚೀಸ್ ಇರುವ ಪಾಸ್ತಾ ಅಲ್ಲಾ ನೋರ್ಮಾ ಕತಾನಿಯಾದ ಸ್ವಂತ ಅಡುಗೆ, ಎಲ್ಲಿ ಹೋದರೂ ಸಿಗುತ್ತದೆ. ಅರಂಚಿನಿ ಅನ್ನುವ ಕರಿದ ಅನ್ನದ ಉಂಡೆ ಮಾತ್ರ ಕೇಳಿ ತಗೊಳ್ಳಿ, ಹೆಚ್ಚಿನದರಲ್ಲಿ ಮಾಂಸ ಇರುತ್ತದೆ.

ಜೇನಂಗಡಿಯಲ್ಲಿ ಹೋದ ಆ ಒಂದು ಗಂಟೆ ನಮಗೆ ಕಡಿಮೆ ಬಿದ್ದದ್ದು ಅಲ್ಕಾಂತರದಲ್ಲಿ. ನನ್ನ ಮುಖ್ಯ ತಕರಾರು ಇದೇ.

ಕಮರಿ ಇರುವುದು ಮೊತ್ತಾ ಕಮಾಸ್ತ್ರಾ ಊರಿನ ಹತ್ತಿರ. ಕೆಳಗಿಳಿಯಲು ಎರಡು ದಾರಿ. ಒಂದು, ಊರಿನವರ ಮೆಟ್ಟಿಲು, 200ಕ್ಕೂ ಹೆಚ್ಚು. ಇನ್ನೊಂದು, ಖಾಸಗಿ ಪಾರ್ಕಿನ ಒಳಗಿಂದ. ಟಿಕೆಟ್ ಜಾಸ್ತಿ, ಆದರೆ ಲಿಫ್ಟ್ ಇದೆ. ನಮ್ಮ ಟೂರಿನ ಪುಟದಲ್ಲಿ ಎಲ್ಲ ವಯಸ್ಸಿನವರಿಗೂ ಸೂಕ್ತ ಅಂತ ಬರೆದಿತ್ತು, ಮೆಟ್ಟಿಲಿನ ಮಾತೇ ಇರಲಿಲ್ಲ. ಬುಕ್ ಮಾಡುವಾಗ ಅಮ್ಮನ ಮೊಣಕಾಲಿನ ವಿಷಯ ಬರೆದು ಕೇಳಿದ್ದೆ, ತೊಂದರೆ ಇಲ್ಲ ಅಂತ ಉತ್ತರ ಬಂದಿತ್ತು. ವ್ಯಾನ್ ನಿಂತದ್ದು ಮೆಟ್ಟಿಲಿನ ಬಾಗಿಲಲ್ಲಿ. ಕೊನೆಗೆ ಗೈಡ್ ತಾನೇ ಓಡಾಡಿ ಲಿಫ್ಟಿನ ಕಡೆಗೆ ಕರೆದುಕೊಂಡು ಹೋದಳು. ಟಿಕೆಟ್ ದುಡ್ಡು ನಾವೇ ಕೊಟ್ಟೆವು. ದುಡ್ಡಿಗಿಂತ ಬೇಜಾರಾದದ್ದು ಬೇರೆ: ವಯಸ್ಸಾದವರನ್ನು ಇಷ್ಟು ದೂರ ಕರೆತಂದು ಮೇಲೆಯೇ ಕೂರಿಸುವ ಪರಿಸ್ಥಿತಿ ಬರುತ್ತಿತ್ತಲ್ಲ. ಬರೆದು ಕೇಳಿದ ಪ್ರಶ್ನೆಗೆ ನಿಜ ಹೇಳುವುದು ದೊಡ್ಡ ಕೆಲಸವಲ್ಲ.

ಕೆಳಗಿಳಿದ ಮೇಲೆ ಎಲ್ಲರ ಬಾಯಿ ಕಟ್ಟಿಹೋಯಿತು. ಎರಡೂ ಕಡೆ ಕಪ್ಪು ಗೋಡೆ, ಕೆಲವು ಕಡೆ 25 ಮೀಟರ್ ಎತ್ತರ. ಮಧ್ಯೆ ನದಿಗೆ ಕೆಲವೇ ಮೀಟರ್ ಜಾಗ. ಗೋಡೆ ಪೂರ್ತಿ ಕಂಬ ಕಂಬ. ಕೆಲವು ನೆಟ್ಟಗೆ ನಿಂತಿವೆ, ಕೆಲವು ಬೀಸಣಿಗೆಯ ಹಾಗೆ ಹರಡಿವೆ. ಒಂದು ಕಡೆ ಅಡ್ಡ ಮಲಗಿ, ಕೊಯ್ದ ತುದಿಗಳು ಮಾತ್ರ ಹೊರಗೆ ಕಾಣುತ್ತವೆ. ಅದಕ್ಕೆ ಅಲ್ಲಿಯವರು ಸೌದೆ ಒಟ್ಟಿಲು ಅಂತಲೇ ಕರೆಯುತ್ತಾರೆ. ಮಗಳು ಒಂದೊಂದು ತುದಿಯ ಮೇಲೂ ಬೆರಳಾಡಿಸಿ ಮೂಲೆ ಎಣಿಸಿದಳು: ಐದು, ಆರು, ಮತ್ತೆ ಐದು. ದಪ್ಪಗೆ ನಿಂತ ಲಾವಾ ನಿಧಾನವಾಗಿ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ. ಬಿರುಕು ತಣ್ಣಗಾಗುವ ಮೈಯಿಂದ ನೇರ ಒಳಕ್ಕೆ ಇಳಿಯುತ್ತಾ ಹೋಗಿ ಕಂಬಗಳಾಗುತ್ತವೆ. ತಣ್ಣಗಾಗುವ ಮೈ ಯಾವ ಕಡೆ ತಿರುಗಿದೆಯೋ ಕಂಬವೂ ಹಾಗೇ ತಿರುಗುತ್ತದೆ. ಆಮೇಲೆ ನದಿ ಅದನ್ನು ಕೊರೆದು ದಾರಿ ಮಾಡಿಕೊಂಡಿತು. "ಅಮ್ಮಾ, ಮಲ್ಪೆಯಲ್ಲಿ ನೋಡಿದ್ವಲ್ಲ!" ಅಂದಳು ಮಗಳು. ಹೌದು, ಸೇಂಟ್ ಮೇರೀಸ್ ದ್ವೀಪದ ಕಂಬಗಳೂ ಲಾವಾ ತಣ್ಣಗಾಗಿ ಆದವೇ. ಅವು ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು, ಕೋಟ್ಯಂತರ ವರ್ಷ ಹಳೆಯವು. ಇಲ್ಲಿಯದು ಅದರ ಮುಂದೆ ತೀರಾ ಹೊಸದು.

ಬೆಳಗ್ಗೆ ಗುಹೆಯಲ್ಲಿ ಮುಟ್ಟಿದ ಲಾವಾ, ಈಗ ನದಿ ತೊಳೆದು ನುಣುಪಾಗಿಸಿದ ಲಾವಾ, ಎರಡೂ ಒಂದೇ ಬೆಟ್ಟದ್ದು. ಅದು ಮಕ್ಕಳಿಗೆ ಅಲ್ಲಿ ನಿಂತು ತಾನಾಗಿ ಅರ್ಥವಾಯಿತು. ಎರಡನ್ನೂ ಒಂದೇ ದಿನ ನೋಡಬೇಕಾದದ್ದು ಇದಕ್ಕೇ. ಈ ಟೂರಿನ ಯೋಚನೆ ತುಂಬಾ ಒಳ್ಳೆಯದು ಅಂತ ನಾನು ಹೇಳುವುದೂ ಇದಕ್ಕೇ.

ನೀರು ಮಾತ್ರ ಬೇಸಿಗೆಯಲ್ಲೂ ಮಂಜಿನ ನೀರೇ. ಒಂದು ನಿಮಿಷಕ್ಕೆ ಪಾದ ಜುಮ್ಮೆನ್ನುತ್ತದೆ, ಎರಡು ನಿಮಿಷಕ್ಕೆ ಮೂಳೆ ನೋಯುತ್ತದೆ. ಮಗ ಕಿರುಚಿಕೊಂಡು ಹೊರಗೆ ಬಂದು ಮತ್ತೆ ಓಡಿ ಒಳಗೆ ಹೋಗುತ್ತಿದ್ದ. ಅಮ್ಮ ಉರುಟು ಕಲ್ಲಿನ ದಡದಲ್ಲಿ ಕೂತು ಸೀರೆ ಸ್ವಲ್ಪ ಎತ್ತಿ ಪಾದ ಮುಳುಗಿಸಿ, ಮೊಮ್ಮಕ್ಕಳ ತಲೆಗೆ ನೀರು ಪ್ರೋಕ್ಷಿಸಿದರು. ನನ್ನ ಗಂಡ ಬಾಡಿಗೆಯ ವೆಟ್‌ಸೂಟ್ ಹಾಕಿಕೊಂಡು ಕಮರಿಯ ಒಳಕ್ಕೆ ಹೋಗುವ ಗುಂಪು ಸೇರಬೇಕು ಅಂತಿದ್ದರು. ಅಷ್ಟರಲ್ಲಿ ಹೊರಡುವ ಸಮಯ ಆಗಿಬಿಟ್ಟಿತ್ತು. ಕೆಳಗೆ ನಮಗೆ ಸಿಕ್ಕಿದ್ದು ಮುಕ್ಕಾಲು ಗಂಟೆಯೂ ಅಲ್ಲ. ಜೇನಂಗಡಿಯಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಇದ್ದೆವು. ಇದು ಖಂಡಿತ ಬದಲಾಗಬೇಕು.

5ರಲ್ಲಿ 3.5 ಕೊಡುತ್ತೇನೆ. ಗೈಡ್‌ಗೆ ಬೇರೆಯೇ ಕೊಡುವುದಾದರೆ 5. ಬುಕ್ ಮಾಡುವವರು ಮೂರು ವಿಷಯ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ: ಅಲ್ಕಾಂತರದಲ್ಲಿ ಮೆಟ್ಟಿಲೋ ಲಿಫ್ಟೋ, ಕೆಳಗೆ ಎಷ್ಟು ಹೊತ್ತು ಬಿಡುತ್ತಾರೆ, ರುಚಿ ನೋಡುವ ಅಂಗಡಿಯನ್ನು ಬಿಡಬಹುದೋ. ಎಟ್ನಾ ಜೋರಾಗಿದ್ದರೆ ದಾರಿ ಬದಲಿಸುತ್ತಾರೋ ದುಡ್ಡು ವಾಪಸ್ ಕೊಡುತ್ತಾರೋ ಅನ್ನುವುದನ್ನೂ ಕೇಳಿಡಿ. ಮಕ್ಕಳಿಗೆ ಮುಚ್ಚಿದ ಶೂ, ನೀರಿಗೆ ಬೇರೆ ಚಪ್ಪಲಿ, ಒಂದು ಟವೆಲ್, ಒಂದು ಜೊತೆ ಒಣ ಬಟ್ಟೆ ಇರಲಿ. ವ್ಯಾನಿನ ದಾರಿ ಪೂರ್ತಿ ತಿರುವು, ವಾಂತಿ ಬರುವ ಮಕ್ಕಳಿಗೆ ಹೊರಡುವ ಮೊದಲೇ ಮಾತ್ರೆ ಕೊಟ್ಟುಬಿಡಿ.